ಫಿಫ್ಟಿ-ಫಿಫ್ಟಿ ಆದಮೇಲೆ ಉತ್ತರ ಬದಲಾಯಿಸಬೇಕಾ?

ಪ್ರಶ್ನೆ: ಟಿವಿ ಕ್ವಿಜ್ ಶೋ ಒಂದರ ಆಡಿಷನ್ ದಾಟಿದ್ದೇನೆ. ಕೋಟ್ಯಾಧಿಪತಿ ಥರದ್ದೇ ಆಟ. ನಾಲ್ಕು ಆಯ್ಕೆ. 3.2 ಲಕ್ಷಕ್ಕೆ ಒಂದು ಭದ್ರ ಹಂತ. ಅದರ ಮೇಲೆ 6.4, 12.5, 25, 50 ಲಕ್ಷ, ಆಮೇಲೆ 1 ಕೋಟಿ, ಕೊನೆಗೆ 7 ಕೋಟಿ. ತಪ್ಪಾದರೆ ಸೀದಾ 3.2 ಲಕ್ಷಕ್ಕೆ ಇಳಿಯುತ್ತೇವೆ. ಸಾಕು ಅನಿಸಿದರೆ ಗೆದ್ದಷ್ಟು ತಗೊಂಡು ಎದ್ದು ಬರಬಹುದು. ನಾನು ಮೂರು ಬಾಗಿಲಿನ ಲೆಕ್ಕ ಓದಿದ್ದೇನೆ. ಅಲ್ಲಿ ಬದಲಾಯಿಸಿದರೆ ಗೆಲ್ಲುವ ಸಾಧ್ಯತೆ ಎರಡರಷ್ಟಾಗುತ್ತದೆ. ಹಾಗಾದರೆ ಫಿಫ್ಟಿ-ಫಿಫ್ಟಿ, ಅಂದರೆ ಎರಡು ತಪ್ಪು ಆಯ್ಕೆ ಅಳಿಸುವ ಲೈಫ್‌ಲೈನ್, ತಗೊಂಡಮೇಲೆ ನಾನು ಮನಸ್ಸಲ್ಲಿ ಇಟ್ಟುಕೊಂಡ ಉತ್ತರ ಉಳಿದಿದ್ದರೆ, ನನ್ನದಕ್ಕೆ 25%, ಇನ್ನೊಂದಕ್ಕೆ 75% ಅಲ್ವಾ? ಅಕ್ಕ ಮಾತ್ರ "ಮೊದಲು ಹೊಳೆದದ್ದೇ ಸರಿ, ಬದಲಾಯಿಸಬೇಡ" ಅಂತಾಳೆ. ಎಷ್ಟು ಖಚಿತ ಇದ್ದರೆ ಆಡಬೇಕು, ಯಾವಾಗ ಎದ್ದು ಬರಬೇಕು? ಫೋನ್ ಮಾಡೋಕೆ ಯಾರ ಹೆಸರು ಕೊಡಲಿ?

ಉತ್ತರ: ಮೊದಲ ಅನುಮಾನಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಬದಲಾಯಿಸಬೇಕಾಗಿಲ್ಲ. ಹಾಗಂತ ಅಕ್ಕ ಹೇಳಿದ್ದೂ ಸರಿ ಅಂದುಕೊಳ್ಳಬೇಡಿ. ನೀವಿಬ್ಬರೂ ಎಡವಿದ್ದೀರಿ, ಬೇರೆ ಬೇರೆ ಕಲ್ಲಿಗೆ.

ಸಂಖ್ಯಾಶಾಸ್ತ್ರ ಪಾಠ ಮಾಡುತ್ತಾ, ಕ್ವಿಜ್ ತಂಡಗಳಿಗೆ ತರಬೇತಿ ಕೊಡುತ್ತಾ ಬಂದವನಿಗೆ ಈ ಪ್ರಶ್ನೆ ಹೊಸದಲ್ಲ. ಮೂರು ಬಾಗಿಲಿನ ಲೆಕ್ಕ ಅಷ್ಟು ರುಚಿಯಾದದ್ದು. ಒಮ್ಮೆ ಅರ್ಥವಾದರೆ ಎಲ್ಲ ಕಡೆಯೂ ಹಾಕಿ ನೋಡಬೇಕು ಅನಿಸುತ್ತದೆ. ಗೊತ್ತಿಲ್ಲದವರಿಗಾಗಿ ಎರಡು ಮಾತು: ಮೂರು ಬಾಗಿಲು, ಒಂದರ ಹಿಂದೆ ಕಾರು. ನೀವು ಒಂದನ್ನು ಆರಿಸುತ್ತೀರಿ. ಕಾರು ಎಲ್ಲಿದೆ ಎಂದು ಗೊತ್ತಿರುವ ನಿರೂಪಕ ಉಳಿದ ಎರಡರಲ್ಲಿ ಖಾಲಿ ಇರುವುದನ್ನು ತೆಗೆದು ತೋರಿಸಿ, "ಬದಲಾಯಿಸ್ತೀರಾ?" ಅನ್ನುತ್ತಾನೆ. ಅಮೆರಿಕದ 'ಲೆಟ್ಸ್ ಮೇಕ್ ಎ ಡೀಲ್' ಶೋ ನಡೆಸುತ್ತಿದ್ದ ಮಾಂಟಿ ಹಾಲ್ ಹೆಸರು ಈ ಒಗಟಿಗೆ ಅಂಟಿಕೊಂಡಿದೆ. 1975ರಲ್ಲಿ ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಬರೆದಾಗ ಹೆಚ್ಚು ಗದ್ದಲ ಆಗಲಿಲ್ಲ. 1990ರಲ್ಲಿ ಮರಿಲಿನ್ ವಾಸ್ ಸಾವಂತ್ 'ಪರೇಡ್' ಪತ್ರಿಕೆಯ ತಮ್ಮ ಅಂಕಣದಲ್ಲಿ "ಬದಲಾಯಿಸಿ" ಎಂದು ಉತ್ತರ ಕೊಟ್ಟರು ನೋಡಿ, ಸುಮಾರು 10,000 ಪತ್ರ ಬಂದವು. ಅದರಲ್ಲಿ ಸಾವಿರದಷ್ಟು ಪಿಎಚ್‌ಡಿ ಮಾಡಿದವರದ್ದೇ. ಬಹುಪಾಲು ಜನ "ನೀವು ಹೇಳಿದ್ದು ತಪ್ಪು" ಎಂದೇ ಬರೆದಿದ್ದರು. ಆದರೆ ಆಕೆ ಹೇಳಿದ್ದೇ ಸರಿ.

ಸರಿ ಯಾಕೆ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ನಿರೂಪಕನಿಗೆ ಕಾರು ಎಲ್ಲಿದೆ ಎಂದು ಗೊತ್ತು. ಜೊತೆಗೆ, ನೀವು ಆರಿಸಿದ ಬಾಗಿಲನ್ನು ಅವನು ಮುಟ್ಟುವ ಹಾಗಿಲ್ಲ. ನಿಮ್ಮ ಬಾಗಿಲಿಗೆ ಪರೀಕ್ಷೆಯೇ ನಡೆಯಲಿಲ್ಲ, ಹಾಗಾಗಿ ಅದರ ಸಾಧ್ಯತೆ ಮೂರರಲ್ಲಿ ಒಂದಕ್ಕೇ ನಿಂತಿತು. ಪರೀಕ್ಷೆ ಎದುರಿಸಿ ಉಳಿದ ಇನ್ನೊಂದು ಬಾಗಿಲಿನ ಬೆಲೆ ಏರಿತು.

ಫಿಫ್ಟಿ-ಫಿಫ್ಟಿಯಲ್ಲಿ ನಡೆಯುವುದೇ ಬೇರೆ. ನಿಮ್ಮ ಮನಸ್ಸಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಮೂರು ತಪ್ಪು ಆಯ್ಕೆಗಳಲ್ಲಿ ಎರಡನ್ನು ಅಳಿಸುತ್ತದೆ, ಅಷ್ಟೇ. ನಿಮ್ಮ ಆಯ್ಕೆ ತಪ್ಪಾಗಿದ್ದರೆ ಅದೂ ಅಳಿಸಿಹೋಗಬಹುದಿತ್ತು. ಹೋಗಲಿಲ್ಲ. ಅದೇ ಒಂದು ಸುದ್ದಿ.

ಲೆಕ್ಕ ಹಾಕಿಯೇ ನೋಡೋಣ. ಏನೇನೂ ಗೊತ್ತಿಲ್ಲದ 1,200 ಪ್ರಶ್ನೆ ನಿಮಗೆ ಬಂದವು ಎಂದುಕೊಳ್ಳಿ. ಪ್ರತಿ ಸಲ ಮನಸ್ಸಲ್ಲೇ 'ಎ' ಅಂದುಕೊಳ್ಳುತ್ತೀರಿ. 300 ಸಲ 'ಎ' ಸರಿ ಇರುತ್ತದೆ, ಆ 300ರಲ್ಲೂ ಅದು ಉಳಿಯುತ್ತದೆ. ಬಾಕಿ 900 ಸಲ ಅದು ತಪ್ಪು. ಮೂರು ತಪ್ಪುಗಳಲ್ಲಿ ಒಂದು ಮಾತ್ರ ಉಳಿಯುವುದರಿಂದ, ಆ 900ರಲ್ಲಿ ಸುಮಾರು 300 ಸಲ ಮಾತ್ರ 'ಎ' ಪರದೆ ಮೇಲೆ ಉಳಿದಿರುತ್ತದೆ. ಅಂದರೆ 'ಎ' ಒಟ್ಟು 600 ಸಲ ಉಳಿಯಿತು. ಅದರಲ್ಲಿ ಸರಿ ಇದ್ದದ್ದು 300. ಸರೀ ಅರ್ಧ. ಬದಲಾಯಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನೀವು ಹೇಳಿದ 75% ಬರಬೇಕಾದರೆ, ನೀವು ಮೊದಲು 'ಎ' ಅಂತ ಲಾಕ್ ಮಾಡಿ, ಅದನ್ನು ಮುಟ್ಟದೆ ಉಳಿದ ಮೂರರಲ್ಲೇ ಎರಡನ್ನು ಅಳಿಸಬೇಕು ಎಂಬ ನಿಯಮ ಇರಬೇಕಿತ್ತು. ಫಿಫ್ಟಿ-ಫಿಫ್ಟಿಗೆ ಅಂಥ ನಿಯಮವಿಲ್ಲ.

ಇನ್ನು ಸ್ವಲ್ಪ ಗೊತ್ತಿರುವ ಪ್ರಶ್ನೆಗೆ ಬರೋಣ. ಹಾಟ್ ಸೀಟಿನಲ್ಲಿ ನಿಜವಾಗಿ ಎದುರಾಗುವುದು ಇದೇ. 'ಎ'ಗೆ 40%, 'ಬಿ'ಗೆ 30%, 'ಸಿ' 'ಡಿ'ಗೆ ತಲಾ 15% ಅಂತ ನಿಮ್ಮ ಅಂದಾಜು. ಅಳಿಸಿದಮೇಲೆ 'ಎ' 'ಬಿ' ಉಳಿದವು. ಈಗ ಅವು 50-50 ಅಲ್ಲ. ಹೆಸರು ನೋಡಿ ಮೋಸಹೋಗಬೇಡಿ. ಉಳಿದ ಎರಡರ ನಡುವೆ ಮೊದಲಿದ್ದ ಅನುಪಾತವೇ ಮುಂದುವರಿಯುತ್ತದೆ. 40ಕ್ಕೆ 30, ಅಂದರೆ ಹೆಚ್ಚುಕಡಿಮೆ 57ಕ್ಕೆ 43. 'ಎ' 'ಡಿ' ಉಳಿದಿದ್ದರೆ 40ಕ್ಕೆ 15, ಅಂದರೆ 73ಕ್ಕೆ 27. ಹಾಗಾಗಿ ಲೈಫ್‌ಲೈನ್ ಕೇಳುವ ಮುಂಚೆ ನಾಲ್ಕಕ್ಕೂ ಮನಸ್ಸಲ್ಲೇ ಒಂದೊಂದು ಅಂಕಿ ಇಟ್ಟುಕೊಳ್ಳಿ. ಎರಡು ಉಳಿದಮೇಲೆ ಹೊಸದಾಗಿ ಯೋಚಿಸಲು ಕೂತರೆ ಮನಸ್ಸು ಬೇಕಾದ ಹಾಗೆ ಕಥೆ ಕಟ್ಟುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಮೇಲಿನದೆಲ್ಲ ಕಂಪ್ಯೂಟರ್ ತಪ್ಪು ಆಯ್ಕೆಗಳಲ್ಲಿ ಎರಡನ್ನು ಚೀಟಿ ಎತ್ತಿದ ಹಾಗೆ ಅಳಿಸಿದರೆ ಮಾತ್ರ ನಿಜ. ಯಾವ ತಪ್ಪು ಉತ್ತರ ಉಳಿಯಬೇಕು ಎಂದು ಪ್ರಶ್ನೆ ಬರೆದವರೇ ಮೊದಲೇ ಗುರುತು ಹಾಕಿಟ್ಟರೆ, ಅವರು ಎಲ್ಲರೂ ಬೀಳುವ ಗಾಳವನ್ನೇ ಉಳಿಸುತ್ತಾರೆ. ಆಗ ನಿಮಗೆ ಹೊಳೆದ ಉತ್ತರ ಎಲ್ಲರಿಗೂ ಹೊಳೆಯುವಂಥದ್ದೇ ಆಗಿದ್ದರೆ, ಅದು ಸರಿಯಿದ್ದರೂ ಉಳಿಯುತ್ತದೆ, ತಪ್ಪಿದ್ದರೂ ಉಳಿಯುತ್ತದೆ. ಉಳಿದದ್ದು ಸುದ್ದಿಯೇ ಅಲ್ಲ. ಅಂಥ ಆಟದಲ್ಲಿ ಬಾಗಿಲಿನ ಲೆಕ್ಕ ವಾಪಸ್ ಬರುತ್ತದೆ, ನಿಮ್ಮ 75% ಕೂಡ ಬರುತ್ತದೆ. ಆದ್ದರಿಂದ ಶೂಟಿಂಗ್‌ಗೆ ಮುಂಚೆ ನಿಯಮ ವಿವರಿಸುವವರನ್ನು ಕೇಳಿ: "ಯಾವುದು ಉಳಿಯಬೇಕು ಅಂತ ಮೊದಲೇ ನಿಗದಿಯಾಗಿರುತ್ತಾ?" ಕೇಳಲು ಸಂಕೋಚ ಬೇಡ. ಮಾಂಟಿ ಹಾಲ್ ಅವರೇ 1991ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರನ ಜೊತೆ ಬಾಗಿಲಾಟ ಆಡಿ ಇದನ್ನೇ ತೋರಿಸಿದ್ದರು. ನಿರೂಪಕ ಖಾಲಿ ಬಾಗಿಲು ತೆಗೆಯಲೇಬೇಕು ಎಂಬ ನಿಯಮ ಇಲ್ಲದಿದ್ದರೆ ಬದಲಾಯಿಸುವವನೇ ಸೋಲಬಹುದು.

ಇದೇ ಜಾತಿಯ ಇನ್ನೊಂದು ದೂರು ಎಲ್ಲರ ಬಾಯಲ್ಲೂ ಇದೆ. "ನನಗೆ ಅನುಮಾನ ಇದ್ದ ಎರಡನ್ನೇ ಕಂಪ್ಯೂಟರ್ ಉಳಿಸುತ್ತೆ, ಬೇಕಂತಲೇ ಮಾಡ್ತಾರೆ." ನಿಮ್ಮ ಅನುಮಾನ ಎರಡರ ಮೇಲೇ ಇದ್ದು, ಅದರಲ್ಲಿ ಒಂದು ಸರಿ ಇದ್ದರೆ, ಇನ್ನೊಂದು ಸುಮ್ನೆ ಲೆಕ್ಕಕ್ಕೇ ಮೂರು ಸಲಕ್ಕೆ ಒಂದು ಸಲ ಉಳಿದೇ ಉಳಿಯುತ್ತದೆ. ಅದು ಅಳಿಸಿಹೋದ ಎರಡು ಸಲ ನೀವು ಖುಷಿಯಲ್ಲಿ ಮುಂದೆ ಹೋಗಿರುತ್ತೀರಿ, ನೆನಪಿರುವುದಿಲ್ಲ. ಎರಡರ ನಡುವೆ ಸಿಕ್ಕಿಹಾಕಿಕೊಂಡಾಗ ಡಬಲ್ ಡಿಪ್ ಥರದ, ಎರಡು ಉತ್ತರ ಹೇಳಲು ಬಿಡುವ ಲೈಫ್‌ಲೈನ್ ಇದ್ದರೆ ಅದನ್ನೇ ತಗೊಳ್ಳಿ. ಫಿಫ್ಟಿ-ಫಿಫ್ಟಿಯನ್ನು, ನಾಲ್ಕರಲ್ಲಿ ಯಾವುದನ್ನೂ ತೆಗೆದುಹಾಕಲಾಗದ ಪ್ರಶ್ನೆಗೆ ಇಟ್ಟುಕೊಳ್ಳಿ. ಡಬಲ್ ಡಿಪ್ ಹಿಡಿದಮೇಲೆ ಸಾಮಾನ್ಯವಾಗಿ ಎದ್ದು ಬರುವ ಅವಕಾಶ ಇರುವುದಿಲ್ಲ, ಅದು ನೆನಪಿರಲಿ.

ಈಗ ಅಕ್ಕನ ಮಾತು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಆಬ್ಜೆಕ್ಟಿವ್ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅಳಿಸಿ ಬರೆದ ಗುರುತುಗಳನ್ನು ಎಣಿಸಿತು. ಬದಲಾಯಿಸಿದ ಉತ್ತರಗಳಲ್ಲಿ 51% ತಪ್ಪಿನಿಂದ ಸರಿಗೆ ಹೋಗಿದ್ದವು. 25% ಸರಿಯಿಂದ ತಪ್ಪಿಗೆ. ಉಳಿದವು ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಅಂದರೆ ಬದಲಾವಣೆ ಹಾಳು ಮಾಡಿದ್ದಕ್ಕಿಂತ ಎರಡರಷ್ಟು ಸಲ ಉಳಿಸಿತ್ತು. ಆದರೂ ಜನ "ಮೊದಲು ಹೊಳೆದದ್ದೇ ಸರಿ" ಅಂತಾರೆ. ಸರಿ ಇದ್ದದ್ದನ್ನು ಕೈಯಾರೆ ಕೆಡಿಸಿಕೊಂಡ ಉರಿ ಜಾಸ್ತಿ ದಿನ ಇರುತ್ತದಲ್ಲ, ಅದಕ್ಕೆ. ಹೊಸ ಕಾರಣ ಹೊಳೆದರೆ ಬದಲಾಯಿಸಿ. ಬರೀ ಗಾಬರಿಗೆ ಬೇಡ. ನಿರೂಪಕರು "ಖಚಿತವಾ? ಲಾಕ್ ಮಾಡಲಾ?" ಅಂತ ಎಳೆದೆಳೆದು ಕೇಳುವುದು ಹೊಸ ಕಾರಣವಲ್ಲ. ಅವರು ಸರಿ ಉತ್ತರಕ್ಕೂ ಹಾಗೇ ಕೇಳುತ್ತಾರೆ.

ಕಳೆದ ಮೂರು ಉತ್ತರ 'ಸಿ' ಬಂತು, ಈಗ 'ಸಿ' ಬರಲ್ಲ ಅನ್ನುವ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಹೋಗಿ.

ಇನ್ನು ಎದ್ದು ಬರುವ ವಿಷಯ. ಇಲ್ಲಿ ಗಣಿತ ನಿಜವಾಗಿ ಕೈಹಿಡಿಯುತ್ತದೆ. ನೀವು 6.4 ಲಕ್ಷದಲ್ಲಿ ಇದ್ದೀರಿ, ಮುಂದಿನದು 12.5. ತಪ್ಪಾದರೆ ಕಳೆದುಕೊಳ್ಳುವುದು 3.2 ಲಕ್ಷ. ಸರಿಯಾದರೆ ಸೇರುವುದು 6.1 ಲಕ್ಷ. ಕಳೆದುಕೊಳ್ಳುವುದನ್ನು ಎರಡರ ಮೊತ್ತದಿಂದ ಭಾಗಿಸಿ: 3.2 ಭಾಗ 9.3, ಅಂದರೆ 34%. ಅದಕ್ಕಿಂತ ಜಾಸ್ತಿ ಖಚಿತ ಇದ್ದರೆ ಸರಾಸರಿ ಲೆಕ್ಕದಲ್ಲಿ ಆಡುವುದೇ ಲಾಭ. ಇದೇ ರೀತಿ 12.5ರಿಂದ 25ಕ್ಕೆ 43%, 25ರಿಂದ 50ಕ್ಕೆ 47%, 50 ಲಕ್ಷದಿಂದ ಕೋಟಿಗೆ 48%. ಭದ್ರ ಹಂತದಲ್ಲೇ ನಿಂತು 6.4ಕ್ಕೆ ಆಡುವಾಗ ಕಳೆದುಕೊಳ್ಳಲು ಏನೂ ಇಲ್ಲ. ಅಲ್ಲಿ ಕಣ್ಣುಮುಚ್ಚಿಯಾದರೂ ಉತ್ತರ ಹೇಳಲೇಬೇಕು. ಭದ್ರ ಹಂತದ ಪ್ರಶ್ನೆ ದಾಟಿದ ಮರುಕ್ಷಣ "ಇಷ್ಟಕ್ಕೆ ಸಾಕು" ಅಂತ ಏಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹಾಗೇ ಮುಂದುವರಿಸಿ. 1 ಕೋಟಿಯಿಂದ 7 ಕೋಟಿಗೆ? ಲೆಕ್ಕ ಹೇಳುವುದು ಬರೀ 14%. ಅಂದರೆ ನಾಲ್ಕರಲ್ಲಿ ಯಾವುದೆಂದು ಏನೇನೂ ಗೊತ್ತಿಲ್ಲದಿದ್ದರೂ, 25% ಇದ್ದೇ ಇದೆಯಲ್ಲ, ಆಡಿಬಿಡಿ! ಸರಾಸರಿ 1.77 ಕೋಟಿ ಬರುತ್ತದೆ. ಕೈಯಲ್ಲಿರುವ ಕೋಟಿಗಿಂತ ಹೆಚ್ಚು. ನೀವು ಆಡುತ್ತೀರಾ? ನಾನಂತೂ ಆಡಲ್ಲ. ನಾಲ್ಕರಲ್ಲಿ ಮೂರು ಸಲ 96.8 ಲಕ್ಷ ಕೈಬಿಟ್ಟು ಹೋಗುತ್ತದೆ.

ಇಲ್ಲಿ ಕೂಡುವಿಕೆ, ಭಾಗಾಕಾರ ಎಲ್ಲ ಸರಿಯೇ ಇದೆ. ಸರಾಸರಿ ಅನ್ನುವುದು ನೂರು ಸಲ ಆಡುವವನ ಅಳತೆ. ನೀವು ಆ ಕುರ್ಚಿಯಲ್ಲಿ ಕೂರುವುದು ಒಂದೇ ಸಲ. ಜೊತೆಗೆ, ಎರಡನೇ ಕೋಟಿ ಮೊದಲನೇ ಕೋಟಿಯಷ್ಟು ಬದುಕು ಬದಲಾಯಿಸುವುದಿಲ್ಲ. 1738ರಲ್ಲೇ ಗಣಿತಜ್ಞ ಡೇನಿಯಲ್ ಬರ್ನೌಲಿ ಇದಕ್ಕೊಂದು ದಾರಿ ತೋರಿಸಿದರು. ಹಣವನ್ನು ರೂಪಾಯಿಯಲ್ಲಿ ಅಳೆಯಬೇಡಿ, ಈಗಿರುವುದರ ಎಷ್ಟು ಪಟ್ಟು ಆಗುತ್ತದೆ ಎಂದು ಅಳೆಯಿರಿ. ಲಾಗರಿದಂ ಇಟ್ಟು ಮಾಡುವ ಲೆಕ್ಕ ಅದು. ಫಲಿತಾಂಶ ಮಾತ್ರ ಹೇಳುತ್ತೇನೆ. ನಿಮ್ಮದು ಅಂತ ಈಗ ಇರುವುದೆಲ್ಲ ಸೇರಿ 10 ಲಕ್ಷ ಎಂದುಕೊಳ್ಳಿ. 25ರಿಂದ 50 ಲಕ್ಷಕ್ಕೆ ಹೋಗಲು ಬೇಕಾದ ಖಚಿತತೆ 47% ಅಲ್ಲ, 64%. ಈಗಾಗಲೇ ಕೋಟಿ ಇರುವವರಿಗೆ ಅದೇ ಪ್ರಶ್ನೆಗೆ 51% ಸಾಕು. ಮತ್ತೆ ಆ 7 ಕೋಟಿಯ ಪ್ರಶ್ನೆ? 10 ಲಕ್ಷದವರಿಗೆ 14% ಹೋಗಿ 53% ಆಗುತ್ತದೆ. ಒಂದೇ ಪ್ರಶ್ನೆ, ಒಂದೇ ಕುರ್ಚಿ, ಆದರೆ ಇಬ್ಬರಿಗೆ ಎರಡು ಸರಿ ನಿರ್ಧಾರ. "ಅವರು ಆಡಿದರು, ನೀನ್ಯಾಕೆ ಎದ್ದು ಬಂದೆ?" ಅಂತ ಆಮೇಲೆ ಕೇಳುವವರಿಗೆ ಇದು ತಿಳಿದಿರುವುದಿಲ್ಲ.

ಎರಡು ಸಣ್ಣ ತಿದ್ದುಪಡಿ. ಸರಿ ಉತ್ತರ ಕೊಟ್ಟರೆ ಹಣದ ಜೊತೆಗೆ ಮುಂದಿನ ಪ್ರಶ್ನೆಯನ್ನು ನೋಡುವ ಹಕ್ಕೂ ಸಿಗುತ್ತದೆ. ನೋಡಿ, ಬೇಡ ಅನಿಸಿದರೆ ಏಳಬಹುದು. ಅದಕ್ಕೂ ಬೆಲೆಯಿದೆ. ಹಾಗಾಗಿ ನಿಜವಾದ ಗಡಿ ಮೇಲಿನ ಅಂಕಿಗಳಿಗಿಂತ ಸ್ವಲ್ಪ ಕೆಳಗಿರುತ್ತದೆ, ಲೈಫ್‌ಲೈನ್ ಉಳಿದಿದ್ದರೆ ಇನ್ನೂ ಸ್ವಲ್ಪ ಕೆಳಗೆ. ಎರಡನೆಯದು ತೆರಿಗೆ. ನಮ್ಮಲ್ಲಿ ಇಂಥ ಬಹುಮಾನಕ್ಕೆ 30% ತೆರಿಗೆ, ಮೇಲೆ ಸೆಸ್. ದೊಡ್ಡ ಮೊತ್ತವಾದರೆ ಸರ್ಚಾರ್ಜ್ ಕೂಡ. ಎಲ್ಲ ಹಂತಕ್ಕೂ ಒಂದೇ ಪ್ರಮಾಣದಲ್ಲಿ ಕಡಿತವಾದರೆ ಸರಾಸರಿ ಲೆಕ್ಕದ ಗಡಿ ಅಲುಗಾಡುವುದಿಲ್ಲ. ಆದರೆ ಮನೆಸಾಲ ತೀರಿಸುವ ಕನಸನ್ನು 25 ಲಕ್ಷದ ಮೇಲೆ ಕಟ್ಟಿದ್ದರೆ, ಕೈಗೆ ಬರುವುದು 17 ಲಕ್ಷ ಚಿಲ್ಲರೆ ಎಂದು ಮೊದಲೇ ತಿಳಿದಿರಲಿ.

ಈ ಗಡಿಗಳನ್ನು ಮನೆಯಲ್ಲೇ ಕೂತು, ಮನೆಯವರ ಜೊತೆ ಮಾತಾಡಿ, ಒಂದು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿಕೊಳ್ಳಿ. ಲೈಟು, ಸಂಗೀತ, ಚಪ್ಪಾಳೆಯ ನಡುವೆ ಲೆಕ್ಕ ಹಾಕಲು ಆಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಆಟದ ಏರಿಳಿತ. ಪೆಟ್ಟಿಗೆ ತೆರೆಯುತ್ತಾ, ನಡುನಡುವೆ ಬರುವ ಹಣದ ಆಫರ್ ಒಪ್ಪಬೇಕೋ ಬೇಡವೋ ಎಂದು ನಿರ್ಧರಿಸುವ 'ಡೀಲ್ ಆರ್ ನೋ ಡೀಲ್' ಶೋ ಆಡಿದವರ ನಿರ್ಧಾರಗಳನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರ ತಂಡವೊಂದು 2008ರಲ್ಲಿ ವರದಿ ಪ್ರಕಟಿಸಿತು. ಆಮೇಲೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅದರಲ್ಲಿದ್ದರು. ಆಟದಲ್ಲಿ ಕೆಟ್ಟ ಪೆಟ್ಟು ತಿಂದವರು ಒಳ್ಳೆಯ ಆಫರ್ ಬಂದರೂ ಬೇಡ ಅಂದು ಹೆಚ್ಚು ಅಪಾಯಕ್ಕೆ ಕೈಹಾಕುತ್ತಿದ್ದರು. ಅದೃಷ್ಟ ಕುದುರಿದವರೂ ಹಾಗೇ ಮಾಡುತ್ತಿದ್ದರು. ನಿಮ್ಮ ಆಟದಲ್ಲಿ ಇದು ಹೀಗೆ ಬರುತ್ತದೆ: ಸುಲಭದ ಪ್ರಶ್ನೆಗೆ ಎರಡು ಲೈಫ್‌ಲೈನ್ ಕಳೆದುಕೊಂಡಿರಿ, ಈಗ ಆ ಬೇಜಾರಿಗೆ 25 ಲಕ್ಷದಲ್ಲಿ "ಆಗಿದ್ದಾಗಲಿ" ಅನ್ನುತ್ತೀರಿ. ಹೋದ ಲೈಫ್‌ಲೈನ್‌ಗೂ ಎದುರಿಗಿರುವ ಪ್ರಶ್ನೆಗೂ ಸಂಬಂಧವಿಲ್ಲ.

ಆದರೆ ಈ ಗಡಿಗಳೆಲ್ಲ ಒಂದೇ ಆಧಾರದ ಮೇಲೆ ನಿಂತಿವೆ. ನೀವು "70% ಖಚಿತ" ಅಂದಾಗ ಅದು ನಿಜವಾಗಿಯೂ 70% ಆಗಿರಬೇಕು. ಬಹಳ ಜನರದ್ದು ಆಗಿರುವುದಿಲ್ಲ. ಪ್ರಶ್ನೆ ಕಷ್ಟವಾದಷ್ಟೂ ನಮಗೆ ನಮ್ಮ ಮೇಲಿನ ನಂಬಿಕೆ ಮಿತಿಮೀರುತ್ತದೆ. ತರಬೇತಿಗೆ ಬಂದವರಿಗೆ ನಾನು ಮೊದಲು ಮಾಡಿಸುವ ಕೆಲಸ ಇದು. ಹಳೆಯ ಪ್ರಶ್ನೆಗಳನ್ನು ತಗೊಳ್ಳಿ. ಪ್ರತಿ ಉತ್ತರದ ಪಕ್ಕ 30, 50, 70, 90 ಅಂತ ಒಂದು ಅಂಕಿ ಬರೆಯಿರಿ. ಇನ್ನೂರು ಮುನ್ನೂರು ಪ್ರಶ್ನೆ ಆದಮೇಲೆ ಬೇರೆ ಬೇರೆ ಗುಂಪು ಮಾಡಿ ಎಣಿಸಿ. 90 ಬರೆದ ಹತ್ತರಲ್ಲಿ ಒಂಬತ್ತು ಸರಿ ಇವೆಯಾ? ಏಳೇ ಇದ್ದರೆ ನಿಮ್ಮ '90' ಅಂದರೆ 70 ಅಂತ ಅರ್ಥ. ಅಡುಗೆ ಮನೆಯ ತಕ್ಕಡಿ ಎಷ್ಟು ತಪ್ಪು ತೋರಿಸುತ್ತದೆ ಎಂದು ಗೊತ್ತಿದ್ದರೆ ಅದರಲ್ಲೂ ಸರಿಯಾಗಿ ತೂಗಬಹುದು, ಹಾಗೆ. ವಿಷಯವಾರು ಬೇರೆ ಎಣಿಸಿದರೆ ಇನ್ನೂ ಒಳ್ಳೆಯದು. ಸಿನಿಮಾ ಪ್ರಶ್ನೆಯಲ್ಲಿ ಅಂದಾಜು ಕರಾರುವಾಕ್ಕಾಗಿದ್ದು, ಇತಿಹಾಸದಲ್ಲಿ ಪೂರಾ ಹಳಿ ತಪ್ಪುವವರನ್ನು ಕಂಡಿದ್ದೇನೆ. ಹವಾಮಾನ ಹೇಳುವವರು ಈ ಥರದ ಲೆಕ್ಕ ಇಟ್ಟುಕೊಂಡೇ ತಮ್ಮ ಅಂದಾಜು ತಿದ್ದಿಕೊಳ್ಳುತ್ತಾರೆ. ಅದಕ್ಕೆ ಅಂಕ ಕೊಡುವ ಒಂದು ವಿಧಾನವನ್ನು 1950ರಲ್ಲೇ ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞರು ಬರೆದಿದ್ದರು.

ಲೈಫ್‌ಲೈನ್‌ಗಳಲ್ಲಿ ಆಡಿಯನ್ಸ್ ಪೋಲ್ ಬಗ್ಗೆ ಹೇಳಲೇಬೇಕು. ಅಮೆರಿಕದ ಆವೃತ್ತಿಯಲ್ಲಿ ಪ್ರೇಕ್ಷಕರು 91% ಸಲ ಸರಿ, ಫೋನಿನಲ್ಲಿ ಸಿಕ್ಕ ಸ್ನೇಹಿತರು 65% ಸಲ ಸರಿ ಎಂಬ ಲೆಕ್ಕ ಬಹಳ ಓಡಾಡುತ್ತದೆ. ಅಂಕಿ ನೋಡಿ ಪ್ರೇಕ್ಷಕರೇ ಜಾಣರು ಅಂದುಕೊಳ್ಳಬೇಡಿ. ಪ್ರೇಕ್ಷಕರನ್ನು ಕೇಳುವುದು ಸಾಮಾನ್ಯವಾಗಿ ಮೊದಮೊದಲಿನ ಸುಲಭದ ಪ್ರಶ್ನೆಗೆ, ಸ್ನೇಹಿತರಿಗೆ ಫೋನ್ ಹೋಗುವುದು ಕಷ್ಟದ್ದಕ್ಕೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಿಲ್ಲ.

ಪೋಲ್ ಕೆಲಸ ಮಾಡುವುದು ಹೀಗೆ. ನೂರು ಜನರಲ್ಲಿ 20 ಜನಕ್ಕೆ ಮಾತ್ರ ಉತ್ತರ ಗೊತ್ತು. 80 ಜನ ಸುಮ್ನೆ ಒತ್ತುತ್ತಾರೆ, ಅವರ ಓಟು ನಾಲ್ಕಕ್ಕೂ ತಲಾ 20ರಂತೆ ಹಂಚಿಹೋಗುತ್ತದೆ. ಗೊತ್ತಿದ್ದವರ 20 ಸೇರಿ ಸರಿ ಉತ್ತರಕ್ಕೆ 40, ಉಳಿದವಕ್ಕೆ 20, 20, 20. ಅಷ್ಟು ಕಡಿಮೆ ಜನಕ್ಕೆ ಗೊತ್ತಿದ್ದರೂ ಉತ್ತರ ಎದ್ದು ಕಾಣುತ್ತದೆ. ಆದ್ದರಿಂದ 40-20-20-20 ಬಂದರೆ "ಅರ್ಧದಷ್ಟೂ ಇಲ್ಲವಲ್ಲ" ಅಂತ ಹೆದರಬೇಡಿ. 45-40-8-7 ಬಂದರೆ ಹೆದರಿ. ಅಲ್ಲಿ ಎಲ್ಲರನ್ನೂ ಸೆಳೆಯುವ ಗಾಳ ಒಂದಿದೆ, ಆ 45 ಅದೇ ಇರಬಹುದು. ಎಲ್ಲರೂ ಕೇಳಿರುವ ಆದರೆ ಯಾರೂ ಸರಿಯಾಗಿ ನೋಡದ ವಿಷಯಕ್ಕೆ ಪೋಲ್ ಕೈಕೊಡುತ್ತದೆ. ಸಿನಿಮಾ, ಆಟ, ದಿನದ ಸುದ್ದಿಗೆ ಚೆನ್ನಾಗಿ ನಡೆಯುತ್ತದೆ. ಪೋಲ್ ಮೊದಲು, ಫಿಫ್ಟಿ-ಫಿಫ್ಟಿ ಆಮೇಲೆ. ತಿರುಗಿಸಿ ಮಾಡಿದರೆ ಗೊತ್ತಿಲ್ಲದವರ ಓಟೆಲ್ಲ ಎರಡೇ ಕಡೆ ಗುಡ್ಡೆಯಾಗಿ, ಗೊತ್ತಿದ್ದವರ ದನಿ ಮಂಕಾಗುತ್ತದೆ.

ಕೊನೆಗೆ ಫೋನ್. ಎಲ್ಲ ಗೊತ್ತಿರುವ ಒಬ್ಬರನ್ನು ಹುಡುಕಬೇಡಿ. ನೀವು ಬರೆದ ವಿಷಯವಾರು ಪಟ್ಟಿ ನೋಡಿ, ನಿಮಗೆ ಎಲ್ಲಿ ತೂತಿದೆಯೋ ಅಲ್ಲಿ ಗಟ್ಟಿ ಇರುವವರನ್ನು ಆರಿಸಿ. ನಿಮ್ಮ ಹಾಗೇ ಓದಿದ ಸ್ನೇಹಿತ ನೀವು ಬೀಳುವ ಗುಂಡಿಗೇ ಬೀಳುತ್ತಾನೆ. ಆಮೇಲೆ ಒಂದು ಮಾತು ಮಾಡಿಕೊಳ್ಳಿ: ಉತ್ತರದ ಜೊತೆ ಒಂದು ಅಂಕಿ ಹೇಳಬೇಕು. "ಸಿ, ತೊಂಬತ್ತು" ಅಥವಾ "ಬಿ ಇರಬಹುದು, ನಲವತ್ತು." ಸಿಗುವುದು ಅರ್ಧ ನಿಮಿಷ. "ಅನ್ಸುತ್ತೆ", "ಇರಬೇಕು" ಅಂದರೆ ಎಷ್ಟು ಅಂತ ಬಿಡಿಸಲು ಸಮಯ ಇರುವುದಿಲ್ಲ. ಅವರಿಗೂ ಐವತ್ತು ಪ್ರಶ್ನೆ ಕೊಟ್ಟು ಆ ಅಂಕಿಗಳನ್ನು ಎಣಿಸಿ ನೋಡಿ. ಗೊತ್ತಿಲ್ಲದಿದ್ದಾಗ "ಗೊತ್ತಿಲ್ಲ" ಅನ್ನುವವರು ಆ ಪಟ್ಟಿಯಲ್ಲಿ ಸಿಕ್ಕರೆ, ಮೊದಲ ಹೆಸರು ಅವರದ್ದೇ ಕೊಡಿ. ಅಕ್ಕನನ್ನೂ ಪರೀಕ್ಷೆಗೆ ಕೂರಿಸಿ, ಬಿಡಬೇಡಿ.